ಆಕಾಶದ್ದೋ, ಕಣ್ಣಿನದ್ದೋ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳುತ್ತೇನೆ. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ತಾರಸಿ, ಅದರ ಪಶ್ಚಿಮದ ಅಂಚು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಮುಖ ಪೂರ್ವಕ್ಕೆ. ಎದುರಿನ ತುದಿಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೀರಿನ ಕಪ್ಪು ಟ್ಯಾಂಕು. ಸೂರ್ಯ ಅದರ ಹಿಂದೆ ಇದ್ದ. ಟ್ಯಾಂಕಿನ ನೆರಳು ನನ್ನ ನೆತ್ತಿಯಿಂದ ಪಾದದವರೆಗೆ ಬಿದ್ದಿತ್ತು. ಕಳೆದ ವರ್ಷದ ಯುಗಾದಿ ಮುಗಿದ ಮೇಲಿನ ಸೋಮವಾರ, ಬೆಳಿಗ್ಗೆ ಎಂಟು ದಾಟಿತ್ತು. ಬೀದಿಯ ಮಗ್ಗಗಳೆಲ್ಲ ಸದ್ದು ಶುರುಮಾಡಿದ್ದವು. ತಾರಸಿಯ ಮೇಲೆ ನನ್ನನ್ನು ಬಿಟ್ಟು ಇನ್ನಿಬ್ಬರಿದ್ದರು. ಅವರ ವಿಷಯ ಮುಂದೆ ಬರುತ್ತದೆ.

ಇಷ್ಟು ಕರಾರುವಾಕ್ಕಾಗಿ ಹೇಳುವುದು ನನ್ನ ಕಸುಬಿನ ದೋಷ. ನಾನು ಸೀರೆಗೆ ಡಿಸೈನ್ ಬರೆಯುವವನು. ಗ್ರಾಫ್ ಹಾಳೆಯ ಒಂದೊಂದು ಚೌಕವೂ ಒಂದೊಂದು ಎಳೆ. ಬಣ್ಣ ತುಂಬಿದ ಚೌಕದಲ್ಲಿ ಎಳೆ ಮೇಲೆ ಬರುತ್ತದೆ, ಖಾಲಿ ಚೌಕದಲ್ಲಿ ಕೆಳಗೆ ಹೋಗುತ್ತದೆ. ಒಂದು ಚೌಕ ತಪ್ಪಿದರೆ ಆ ತಪ್ಪು ಸೀರೆಯ ಉದ್ದಕ್ಕೂ, ಪ್ರತಿ ನವಿಲಿನ ಕೊಕ್ಕಿನಲ್ಲೂ ಮತ್ತೆ ಮತ್ತೆ ಬರುತ್ತದೆ. ಈಗ ಕಂಪ್ಯೂಟರ್ ಬಂದಿದೆ ನಿಜ, ಅದೂ ಚೌಕಗಳನ್ನೇ ತೋರಿಸುತ್ತದೆ. ಹಾಗಾಗಿ ನಾನು ಮದುವೆಮನೆಯಲ್ಲಿ ಊಟ ಹೇಗಿತ್ತು ಎಂದು ಹೇಳಬೇಕಾದರೂ ಎಲೆಯ ಎಡತುದಿಯ ಉಪ್ಪಿನಿಂದ ಶುರುಮಾಡುತ್ತೇನೆ. ಮನೆಯವರು ಎದ್ದು ಹೋಗುತ್ತಾರೆ. ನೀವು ದಯವಿಟ್ಟು ಕೂತಿರಿ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ದುರ್ಬೀನು. ಮೊನ್ನೆ ಹಬ್ಬಕ್ಕೆಂದು ದೊಡ್ಡ ಪಾತ್ರೆ ಇಳಿಸಲು ಅಟ್ಟ ಹತ್ತಿದಾಗ ಅದು ಕೈಗೆ ಸಿಕ್ಕಿತು. ಒಂದು ಗೇಣು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಹಳೆಯ ದುರ್ಬೀನು, ಎಡಗಡೆಯ ಕೊಳವೆಯ ಒಳಗೆ ಬೂಷ್ಟು ಕಟ್ಟಿ ಮಂಜಾಗಿದೆ. ಹಾಗಾಗಿ ಅದರಲ್ಲಿ ನೋಡುವಾಗ ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಲ್ಲೇ ನೋಡಬೇಕು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ನನ್ನ ಒಂದು ಕಣ್ಣಾದರೂ ಪೂರ್ತಿ ಕ್ಷೇಮವಾಗಿ ಉಳಿದದ್ದು ಆ ಬೂಷ್ಟಿನ ದಯೆಯಿಂದ.

ಆಕಾಶ ನೋಡುವ ಚಟ ನನಗೆ ಹತ್ತಿದ್ದು ನೆಲ ನೋಡುತ್ತಾ. ಚಿಕ್ಕಂದಿನಲ್ಲಿ ನಮ್ಮದು ಹೆಂಚಿನ ಮನೆ. ನಡುಮನೆಯಲ್ಲಿ ನೆಲ ಅಗೆದು ಕೂರಿಸಿದ ಕೈಮಗ್ಗ. ಅಪ್ಪ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ನೆಲದಿಂದಲೇ ಮೊಳೆತ ಮನುಷ್ಯನ ಹಾಗೆ ಕಾಣುತ್ತಿದ್ದರು. ಒಡೆದ ಹೆಂಚಿನ ಸಂದಿಯಿಂದ ಬಿಸಿಲಿನ ಒಂದು ದುಂಡು ಬಿಲ್ಲೆ ಒಳಗೆ ಬೀಳುತ್ತಿತ್ತು. ಬೆಳಿಗ್ಗೆ ಗೋಡೆಯ ಮೇಲೆ, ಆಮೇಲೆ ನೆಲದ ಮೇಲೆ, ಮಧ್ಯಾಹ್ನಕ್ಕೆ ಅಪ್ಪನ ತೊಡೆಯ ಮೇಲೆ. ನಾನು ಸೀಮೆಸುಣ್ಣ ಹಿಡಿದು ಅದರ ಬೆನ್ನುಹತ್ತುತ್ತಿದ್ದೆ. ಬಿಲ್ಲೆ ಇದ್ದಲ್ಲೆಲ್ಲ ಒಂದು ಗುರುತು. ಇದೇ ನನ್ನ ಮೊದಲ ಗ್ರಾಫು. ಅಪ್ಪ ಬೈಯುತ್ತಿರಲಿಲ್ಲ; ತೊಡೆಗೆ ಸುಣ್ಣ ಬಳಿದಾಗ ಮಾತ್ರ ಕಿವಿ ಹಿಂಡುತ್ತಿದ್ದರು. ಒಂದು ಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ನೆಲದ ಬಿಲ್ಲೆಯ ಒಂದು ಬದಿಯನ್ನು ಯಾರೋ ಕಚ್ಚಿದ ಹಾಗಾಯಿತು. "ಅತ್ತೆ, ಬಾ ನೋಡು" ಎಂದು ಕೂಗಿದೆ. ಅಪ್ಪನ ತಂಗಿ ಲಕ್ಷ್ಮತ್ತೆ ಬಂದು, ಬಿಲ್ಲೆಯ ಮೇಲೆ ದಬ್ಬನೆ ಒಂದು ಕುಕ್ಕೆ ಬೋರಲು ಹಾಕಿ, ನನ್ನನ್ನು ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡು ಹೋಗಿದ್ದಳು. ಗ್ರಹಣವನ್ನು ಕುಕ್ಕೆಯಲ್ಲಿ ಮುಚ್ಚಿದ ಇನ್ನೊಬ್ಬರನ್ನು ನಾನು ಕಾಣೆ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದವಳು ಅವಳು. ಈಗ ಎಂಬತ್ತು ದಾಟಿದೆ. ಎರಡೂ ಕಣ್ಣಿನ ಪೊರೆ ತೆಗೆಸಿ ಹೊಸ ಲೆನ್ಸು ಹಾಕಿಸಿಕೊಂಡ ಮೇಲೆ ಎದುರುಮನೆಯವರು ಅಕ್ಕಿಯಲ್ಲಿ ಆರಿಸದೆ ಬಿಟ್ಟ ಕಲ್ಲನ್ನೂ ಇಲ್ಲಿಂದಲೇ ಎಣಿಸುತ್ತಾಳೆ.

ಆ ಸೋಮವಾರ ನಾನು ತಾರಸಿಯಿಂದ ಹುಡುಕುತ್ತಿದ್ದ ಧೂಮಕೇತುವಿನ ಮಾತಿಗೆ ಬರುತ್ತೇನೆ. ಅದು ಸೂರ್ಯನ ಮೈ ಸವರಿಕೊಂಡು ಹೋಗುವ ಜಾತಿಯದು. ಈ ಜಾತಿಯವು ದೂರದ ಕತ್ತಲೆಯಿಂದ ಲಾಳಿಯ ಹಾಗೆ ನೇರ ಬಂದು, ಸೂರ್ಯನಿಗೆ ಇನ್ನೇನು ಡಿಕ್ಕಿ ಹೊಡೆದವು ಎನ್ನುವಷ್ಟರಲ್ಲಿ ಗಕ್ಕನೆ ತಿರುಗಿ ಬಂದ ಕಡೆಗೇ ಹೊರಡುತ್ತವೆ. ಬಹಳಷ್ಟು ತಿರುಗುವ ಮೊದಲೇ ಆವಿಯಾಗುತ್ತವೆ. ಎಂದೋ ಒಡೆದ ಒಂದೇ ದೊಡ್ಡ ಧೂಮಕೇತುವಿನ ಚೂರುಗಳಂತೆ ಇವೆಲ್ಲ. ಒಂದೇ ಮನೆತನದವರು ಬೇರೆ ಬೇರೆ ಕಾಲದಲ್ಲಿ ಅದೇ ದಾರಿಯಲ್ಲಿ ಬಂದು ಹೋಗುತ್ತಾರೆ. ನಮ್ಮದು ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆಕಾಶ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಅದೇ ಚರ್ಚೆ.

ಯುಗಾದಿಗೆ ಮುಂಚಿನ ಸಂಜೆಗಳಲ್ಲಿ ಅದು ಪಶ್ಚಿಮದಲ್ಲಿ, ಪಕ್ಕದ ಮಗ್ಗದ ಶೆಡ್ಡಿನ ಗೋಡೆಯ ಮೇಲೆ ಕಾಣುತ್ತಿತ್ತು. ಶೆಡ್ಡು ನನ್ನ ಗೆಳೆಯ ಪುಟ್ಟರಾಜುವಿನದು. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತವನು, ಈಗಲೂ ಗೋಡೆ ಹಂಚಿಕೊಂಡೇ ಇದ್ದಾನೆ. ಸೂರ್ಯ ಗೋಡೆಯ ಹಿಂದೆ ಇಳಿಯುವುದನ್ನೇ ಕಾದು, ಗೋಡೆಯ ನೆರಳಲ್ಲಿ ನಿಂತು ನಾನು ದುರ್ಬೀನು ಎತ್ತುತ್ತಿದ್ದೆ. ಧೂಮಕೇತು ಎಷ್ಟು ಹೊಳೆಯುತ್ತಿದೆ ಎಂದು ಅಳೆಯಲು ಒಂದು ಸರಳ ಉಪಾಯವಿದೆ. ದುರ್ಬೀನಿನ ತಿರುಪು ತಿರುಗಿಸಿ ಎಲ್ಲವನ್ನೂ ಮಸುಕು ಮಾಡಬೇಕು. ಆಗ ನಕ್ಷತ್ರಗಳೂ ನೂಲಿನ ಉಂಡೆಗಳಾಗುತ್ತವೆ, ಧೂಮಕೇತುವೂ ಉಂಡೆಯಾಗುತ್ತದೆ. ಯಾವ ಉಂಡೆಗೆ ಅದು ಸಮ ಎಂದು ನೋಡಿ, ಪುಸ್ತಕದಲ್ಲಿ ಆ ನಕ್ಷತ್ರದ ಹೊಳಪಿಗೆ ಕೊಟ್ಟಿರುವ ಅಂಕೆಯನ್ನು ಇದಕ್ಕೂ ಕೊಡುವುದು. ಹೊಳಪಿನ ಈ ಲೆಕ್ಕ ಮಾತ್ರ ತಿರುವುಮುರುವು. ಅಂಕೆ ಇಳಿದಷ್ಟೂ ಹೊಳಪು ಏರುತ್ತದೆ. ಇದನ್ನು ಪುಟ್ಟರಾಜುವಿಗೆ ಅರ್ಥಮಾಡಿಸಲು ಹೋಗಿ ನಾನು ಸೋತೆ.

"ಇವತ್ತು ಎಷ್ಟೋ?" ಎಂದು ಗೋಡೆಯಾಚೆಯಿಂದ ಕೇಳಿದ.

"ಸೊನ್ನೆ."

"ಹೋಯ್ತಾ ಹಂಗಾದ್ರೆ?"

"ಹೋಗಿಲ್ಲ ಕಣೋ. ಮೊನ್ನೆ ಎರಡಿತ್ತು, ಇವತ್ತು ಸೊನ್ನೆ. ಕಡಿಮೆ ಆದಷ್ಟೂ ಹೊಳಪು ಜಾಸ್ತಿ. ನಾಳೆ ಮೈನಸ್ಸಿಗೆ ಹೋಗುತ್ತೆ."

"ಗುರು, ನಮ್ ಮಗ್ಗ ವರ್ಷಗಟ್ಲೆಯಿಂದ ಮೈನಸ್ಸಲ್ಲೇ ಐತೆ. ಒಂದಿನಾನೂ ಹೊಳೀಲಿಲ್ಲ ನೋಡು."

ಹೀಗೆ ಹೇಳಿ ತಾನೇ ನಕ್ಕು, ದೇವನಹಳ್ಳಿ ಕಡೆ ಇಳಿಯಲು ಸುತ್ತುತ್ತಿದ್ದ ಒಂದು ವಿಮಾನದ ದೀಪ ತೋರಿಸಿ, "ಅಲ್ನೋಡು, ನಿನ್ ಧೂಮಕೇತು ಲ್ಯಾಂಡಿಂಗಿಗೆ ಬರ್ತಾ ಐತೆ" ಎಂದ. ಪ್ರತಿ ಸಂಜೆಯೂ ಇದನ್ನೇ ಹೇಳಿದ. ಪ್ರತಿ ಸಂಜೆಯೂ ತಾನೇ ನಕ್ಕ.

ಆ ಅಂಕೆಗಳನ್ನೂ, ಧೂಮಕೇತು ದಿನದಿನಕ್ಕೆ ಸರಿದ ದಾರಿಯನ್ನೂ ನಾನು ಒಂದು ಹಾಳೆಯ ಮೇಲೆ ಬರೆದಿಡುತ್ತಿದ್ದೆ. ನನ್ನ ಬಳಿ ಇರುವುದು ಡಿಸೈನಿನ ಗ್ರಾಫ್ ಹಾಳೆ, ಕೈಗೆ ಸಿಗುವುದು ಡಿಸೈನಿನ ಕೆಂಪು ಬಣ್ಣ. ಕೆಳಗಿನಿಂದ ನಿಧಾನ ಏರುತ್ತಾ ಹೋಗಿ, ಕೊನೆಯಲ್ಲಿ ನೆಟ್ಟಗೆ ಮೇಲೇಳುವ ಗೆರೆ ಹೊಳಪಿನದು. ಧೂಮಕೇತು ಸೂರ್ಯನ ಪ್ರಭೆಯೊಳಗೆ ಮುಳುಗಿದ ದಿನ ಗೆರೆಯೂ ಅಲ್ಲಿಗೇ ನಿಂತಿತು. ಆ ಹಾಳೆ ಹೇಗೋ ಬೇರೆ ಹಾಳೆಗಳ ಜೊತೆ ಸೇರಿ ಮಗ್ಗಕ್ಕೆ ಡಿಸೈನ್ ತಿಳಿಸುವ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆಯುವವನ ಬಳಿ ಹೋಗಿಬಿಟ್ಟಿದೆ. ಅವನು ನಂಬಿಕಸ್ಥ, ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೊಡೆದಿದ್ದಾನೆ. ಪುಟ್ಟರಾಜು ಅದನ್ನು ಮಗ್ಗಕ್ಕೆ ಏರಿಸಿದ್ದಾನೆ. ಒಂದು ಗೇಣು ನೇಯ್ದ ಮೇಲೆ ಬಟ್ಟೆಯ ಸಮೇತ ನಮ್ಮ ಬಾಗಿಲಿಗೆ ಬಂದ.

"ಲೋ ನಾಗರಾಜ, ಏನೋ ಈ ಬಾರ್ಡರು? ಬಳ್ಳಿ ಅನ್ಕೊಂಡೆ, ಎಲೆ ಇಲ್ಲ. ಬೆಟ್ಟ ಅನ್ಕೊಂಡೆ, ಇಳಿಜಾರಿಲ್ಲ. ಹತ್ತುತ್ತೆ ಹತ್ತುತ್ತೆ, ಪಟ್ ಅಂತ ಮುಗಿದೇ ಹೋಗುತ್ತೆ. ಉಟ್ಕೊಂಡೋಳು ಏನ್ ತಿಳ್ಕೋಬೇಕು?"

ಧೂಮಕೇತುವಿನ ಹೊಳಪನ್ನು ರೇಷ್ಮೆಯಲ್ಲಿ ನೇಯ್ದವರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು. ಆ ಬಟ್ಟೆಯೇ ದುರ್ಬೀನಿನ ಹೊದಿಕೆಯಾಯಿತು.

ಯುಗಾದಿ ಬಂತು, ಹೋಯಿತು. ಭಾನುವಾರ ಅದು ಸೂರ್ಯನನ್ನು ಸುತ್ತಿತು. ಸೋಮವಾರ ಬೆಳಗಾಗುವಾಗ ಗುಂಪಿನಲ್ಲಿ ಸುದ್ದಿ: ಉಳಿದಿದೆ, ಹಗಲಿನಲ್ಲೇ ಕಾಣುವಷ್ಟು ಹೊಳೆಯುತ್ತಿದೆ, ಸೂರ್ಯನನ್ನು ಯಾವುದಾದರೂ ಗೋಡೆಗೆ ಮರೆಮಾಡಿಕೊಂಡು ಅದರ ಪಕ್ಕ ನೋಡಿ, ಎಚ್ಚರ. ಎಚ್ಚರ ಎನ್ನುವ ಮಾತನ್ನು ನಾನು ಓದಿದೆ. ನನ್ನಷ್ಟು ಎಚ್ಚರದವನು ಇನ್ಯಾರು ಎಂದುಕೊಂಡೆ.

ಈಗ ಅದು ಸೂರ್ಯನ ಇನ್ನೊಂದು ಬದಿಗೆ ಬಂದಿತ್ತು. ಬೆಳಿಗ್ಗೆ ಸೂರ್ಯನಿಗಿಂತ ಮೊದಲೇ ಏರಿ, ಅವನ ತಲೆಯ ಮೇಲೆ ನಿಂತಿರುತ್ತಿತ್ತು. ಸೂರ್ಯನನ್ನು ಟ್ಯಾಂಕಿನ ಹಿಂದೆ ಇಟ್ಟು, ಟ್ಯಾಂಕಿನ ಅಂಚಿನ ಮೇಲೆ ಹುಡುಕಿದರೆ ಸಿಗಬೇಕು. ಎಷ್ಟೋ ಸಂಜೆಗಳಿಂದ ಗೋಡೆಯ ನೆರಳಲ್ಲಿ ನಿಂತು ನೋಡಿ ನನಗೆ ಅಭ್ಯಾಸವಾಗಿತ್ತು. ನೆರಳಲ್ಲಿ ನಿಂತರೆ ಸಾಕು, ಭಯವಿಲ್ಲ. ನಾನು ಯೋಚಿಸದೆ ಹೋದದ್ದು ಇಷ್ಟೇ: ಸಂಜೆಯ ಸೂರ್ಯ ಗೋಡೆಯ ಹಿಂದೆ ಇಳಿಯುತ್ತಾನೆ, ಹೊತ್ತು ಹೋದಷ್ಟೂ ನೆರಳು ಗಟ್ಟಿಯಾಗುತ್ತದೆ. ಬೆಳಗಿನ ಸೂರ್ಯ ಟ್ಯಾಂಕಿನ ಹಿಂದಿನಿಂದ ಹತ್ತಿಕೊಂಡು ಬರುತ್ತಾನೆ. ನೆಲದ ಮೇಲೆ ಬಿಸಿಲಿನ ಬಿಲ್ಲೆಯನ್ನು ಬೆನ್ನುಹತ್ತಿದ ಹುಡುಗನಿಗೆ ಇದು ಗೊತ್ತಿತ್ತು. ಅರವತ್ತರ ಹತ್ತಿರ ಬಂದ ಗಂಡಸಿಗೆ ಮರೆತಿತ್ತು.

ಲಕ್ಷ್ಮತ್ತೆ ನನ್ನ ಎಡಕ್ಕೆ ಸ್ವಲ್ಪ ಮುಂದೆ, ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಪುಟ್ಟರಾಜು ಗೋಡೆ ದಾಟಿ ಬಂದು ನನ್ನ ಪಕ್ಕ ನಿಂತಿದ್ದ. ಕೆಳಗಿನಿಂದ ಮೋಟರಿನ ಸದ್ದು; ಟ್ಯಾಂಕು ತುಂಬಿ ಹೊರಕ್ಕೆ ಸುರಿಯತೊಡಗಿತ್ತು.

ದುರ್ಬೀನನ್ನು ಬಲಗಣ್ಣಿಗೆ ಹಿಡಿದೆ. ಟ್ಯಾಂಕಿನ ಕಪ್ಪು ಅಂಚು, ಅದರ ಮೇಲೆ ಬಿಳಿಚಿದ ನೀಲಿ. ಆ ನೀಲಿಯಲ್ಲಿ ಅಂಚಿಗೆ ತೀರ ಹತ್ತಿರ, ಬಲಕ್ಕೆ, ಒಂದು ಬಿಳಿ ಚುಕ್ಕೆ. ವಿಮಾನವಾಗಿದ್ದರೆ ಸರಿಯಬೇಕಿತ್ತು, ಅದು ಸರಿಯಲಿಲ್ಲ. ನೋಡಿದೆ. ನೋಡುತ್ತಲೇ ಇದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ; ಬಹಳ ಹೊತ್ತು. ಹಣೆ ಬೆಚ್ಚಗಾಯಿತು. ಅದು ಸಂತೋಷದಿಂದ ಎಂದುಕೊಂಡೆ. ಬಿಸಿಲು ನನ್ನ ಹಣೆಗೆ ಇಳಿದಿತ್ತು. ಮುಂದಿನ ಕ್ಷಣ ದುರ್ಬೀನಿನ ಒಳಗೆಲ್ಲ ಬೆಂಕಿ. ಕಿರುಚಿದೆನಂತೆ. ದುರ್ಬೀನು ಎದೆಗೆ ಬಡಿದು ದಾರದಲ್ಲಿ ನೇತಾಡಿತು.

"ಏನಾಯ್ತೋ?" ಎಂದ ಪುಟ್ಟರಾಜು.

"ಏನಿಲ್ಲ," ಎಂದೆ. ಬಲಗಣ್ಣಿನಲ್ಲಿ ಅವನ ಮುಖ ಇರಲಿಲ್ಲ. ಕಿವಿಗಳಿದ್ದವು, ಕೂದಲಿತ್ತು, ಮುಖ ಇರಬೇಕಾದ ಕಡೆ ಹುರುಳಿಕಾಳಿನ ಆಕಾರದ ಒಂದು ಬೂದು ಕಲೆ. ಟ್ಯಾಂಕು ನೋಡಿದೆ, ಅಲ್ಲೂ ಕಲೆ. ಅತ್ತೆಯ ಸಂಡಿಗೆ ನೋಡಿದೆ, ಅಲ್ಲೂ ಕಲೆ. ಎಲ್ಲಿ ನೋಡಿದರೆ ಅಲ್ಲಿಗೇ ಬಂದು ಕೂರುತ್ತಿತ್ತು.

ಆ ದಿನವೇ ಪುಟ್ಟರಾಜು ಸ್ಕೂಟರಿನಲ್ಲಿ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮೊದಲು ಎಷ್ಟಿತ್ತು ಸರ್?" ಎಂದು ಕನ್ನಡಕದ ಪವರ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟರಾಜು ಹೇಳಿದ.

"ಮೊನ್ನೆ ಎರಡಿತ್ತು ಮೇಡಂ, ಆಮೇಲೆ ಸೊನ್ನೆ ಆಯ್ತು. ಇವತ್ತು ಬೆಳಿಗ್ಗೆ ಮೈನಸ್ ನಾಲ್ಕೋ ಐದೋ ಇರ್ಬೇಕು. ದಿನಾ ಇಳೀತಾನೇ ಐತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಂದು ವಾರದಲ್ಲಿ? ಯಾರು ಚೆಕ್ ಮಾಡಿದ್ದು?"

"ಇವ್ನೇ. ತಾರಸಿ ಮೇಲೆ ನಿಂತ್ಕಂಡು."

ಅದು ಧೂಮಕೇತುವಿನ ಹೊಳಪು, ನನ್ನ ಕಣ್ಣಿನದಲ್ಲ ಎಂದು ನಾನು ತಿಳಿಹೇಳುವಷ್ಟರಲ್ಲಿ ಅವರು ನಮ್ಮಿಬ್ಬರನ್ನೂ ಒಂದೇ ಬಗೆಯ ಅನುಮಾನದಿಂದ ನೋಡತೊಡಗಿದ್ದರು. ಆಮೇಲೆ ದೀಪ ಹಾಕಿ ಕಣ್ಣಿನ ಒಳಗೆ ನೋಡಿದರು. ಸೂರ್ಯ ಸುಟ್ಟ ಗುರುತು ಇದೆ ಎಂದರು. ಔಷಧಿ ಎಂದು ವಿಶೇಷ ಏನೂ ಇಲ್ಲ, ಕಾಯಬೇಕು ಎಂದರು. ನಾನು ಸೀರೆಗೆ ಡಿಸೈನ್ ಬರೆಯುವವನು, ಇದು ಹೋಗುತ್ತದೆಯೇ ಎಂದು ಕೇಳಿದೆ.

"ನೀವು ಎಷ್ಟು ಹೊತ್ತು ನೋಡಿದ್ರಿ ಅನ್ನೋದರ ಮೇಲಿದೆ ಸರ್. ಕಣ್ಣು ಮಿಟುಕಿಸೋವಷ್ಟು ಹೊತ್ತಾದ್ರೆ, ತಿಂಗಳುಗಟ್ಟಲೆ ಹಿಡಿದ್ರೂ ಬಹುಮಟ್ಟಿಗೆ ಸರಿಹೋಗಬಹುದು. ಬಹಳ ಹೊತ್ತು ದಿಟ್ಟಿಸಿದ್ರೆ ನಾನು ಮಾತು ಕೊಡೋಕಾಗಲ್ಲ."

ಸಮಸ್ಯೆ ಹುಟ್ಟಿದ್ದು ಅಲ್ಲಿ. ಬೆಂಕಿ ಕಂಡದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಆ ಬಿಳಿ ಚುಕ್ಕೆಯನ್ನು ನಾನು ದಿಟ್ಟಿಸಿದ್ದು ಬಹಳ ಹೊತ್ತು. ಅದು ಧೂಮಕೇತುವೇ ಆಗಿದ್ದರೆ ಚಿಂತೆಯಿಲ್ಲ, ಅದರ ಬೆಳಕು ಯಾರ ಕಣ್ಣನ್ನೂ ಸುಡುವುದಿಲ್ಲ. ಆದರೆ ಟ್ಯಾಂಕು ತುಂಬಿ ಹರಿಯುತ್ತಿತ್ತಲ್ಲ? ಒದ್ದೆ ಅಂಚಿನ ಮೇಲೆ ಸೂರ್ಯನೇ ನೀರಿನಲ್ಲಿ ಚುಕ್ಕೆಯಾಗಿ ಮಿನುಗಿದ್ದರೆ? ಆಗ ನಾನು ಅಷ್ಟು ಹೊತ್ತೂ ದುರ್ಬೀನಿನಲ್ಲಿ ಸೂರ್ಯನನ್ನೇ ನೋಡಿದಂತಾಯಿತು. ನನ್ನ ಕಣ್ಣು, ನನ್ನ ಅನ್ನ, ಎರಡೂ ಆ ಚುಕ್ಕೆ ಏನು ಎನ್ನುವುದರ ಮೇಲೆ ನಿಂತಿದ್ದವು. ಅದಕ್ಕೆ ಬಾಲ ಇದ್ದಂತೆ ನನಗೆ ನೆನಪು. ಆದರೆ ಕಲೆ ಬಿದ್ದ ಕಣ್ಣಿನ ನೆನಪನ್ನು ಎಷ್ಟು ನಂಬುವುದು? ಸಂಜೆ ಗುಂಪಿನಲ್ಲಿ ಬೇರೆ ಊರಿನವರು ತೆಗೆದ ಚಿತ್ರಗಳು ಬಂದವು, ಅವುಗಳಲ್ಲಿ ಬಾಲ ಇತ್ತು. ನೋಡಬಾರದಿತ್ತು, ನೋಡಿಬಿಟ್ಟೆ. ಈಗ ನನ್ನ ನೆನಪಿನ ಬಾಲ ತಾರಸಿಯದೋ ಫೋನಿನದೋ ತಿಳಿಯದಾಯಿತು. ಮತ್ತೆ ಬೆಳಿಗ್ಗೆ ಎದ್ದು ನೋಡುವ ಧೈರ್ಯ ಇರಲಿಲ್ಲ. ಅಷ್ಟರಲ್ಲಿ ಮೋಡವೂ ಮುಸುಕಿತು.

ಹೆಂಡತಿ ವಿಮಲ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಕೊಡುತ್ತಾ, "ಅಲ್ರೀ, ಸೂರ್ಯನ್ನ ನೋಡೋಕೆ ದುರ್ಬೀನು ಬೇಕಿತ್ತಾ? ಅಷ್ಟು ದೊಡ್ಡದು ಬರಿಗಣ್ಣಿಗೆ ಕಾಣಲ್ವಾ?" ಎಂದಳು. ಅದರ ಹಿಂದೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿದ್ದು ನನ್ನ ಬಲಗಣ್ಣಿಗೆ ಕಾಣಲಿಲ್ಲ, ಎಡಗಣ್ಣಿಗೆ ಕಂಡಿತು.

ಹಾಗಾಗಿ ಸಾಕ್ಷಿ ಹುಡುಕಿದೆ. ನಾನಾಗಿ ಏನನ್ನೂ ಹೇಳಿಕೊಡಬಾರದು, ಬಾಲದ ಸುದ್ದಿ ಎತ್ತಲೇಬಾರದು ಎಂದು ಶಪಥ ಮಾಡಿಕೊಂಡೆ. ಮೊದಲು ಪುಟ್ಟರಾಜು.

"ಆವತ್ತು ಟ್ಯಾಂಕಿನ ಮೇಲೆ ಏನಾದ್ರೂ ಕಂಡ್ಯಾ?"

"ಕಂಡೆ ಅನ್ಲಾ, ಕಾಣ್ಲಿಲ್ಲ ಅನ್ಲಾ? ನಿಂಗೆ ಯಾವ್ದು ಒಳ್ಳೇದು ಹೇಳು, ಅದನ್ನೇ ಹೇಳ್ತೀನಿ."

"ನಿಜ ಹೇಳೋ."

"ನಿಜ ಹೇಳ್ಬೇಕಂದ್ರೆ ಫೋನ್ ನೋಡ್ತಿದ್ದೆ ಕಣೋ. ನೂಲಿನ ರೇಟು ಬಂದಿತ್ತು." ಆಮೇಲೆ ನನ್ನ ಮುಖ ನೋಡಿ ಮೆತ್ತಗಾದ. "ಕೋರ್ಟಲ್ಲಿ ಬೇಕಾದ್ರೂ ಕಂಡೆ ಅಂತೀನಪ್ಪಾ. ಆದ್ರೆ ನಿನ್ ಕಣ್ಣಿಗೆ ನನ್ ಸುಳ್ಳು ನಡೆಯಲ್ವಲ್ಲ."

ಲಕ್ಷ್ಮತ್ತೆಯನ್ನು ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. "ನಾನೇನೂ ನೋಡ್ಲಿಲ್ಲ. ಸಂಡಿಗೆ ನೋಡ್ತಿದ್ದೆ." ಎದ್ದು ಒಳಗೆ ಹೋದಳು. ಎದುರುಮನೆಯ ಅಕ್ಕಿಯ ಕಲ್ಲು ಎಣಿಸುವ ಹೆಂಗಸು ಏನೂ ನೋಡಲಿಲ್ಲವೆಂದರೆ ನಂಬುವುದು ಕಷ್ಟ. ಆದರೆ ಎಂಬತ್ತು ದಾಟಿದವಳನ್ನು ಪೊಲೀಸಿನವರ ಹಾಗೆ ಎರಡು ಸಲ ಕೇಳಲಾದೀತೇ?

ಆ ತಿಂಗಳು ಒಂದು ಮದುವೆ ಸೀರೆಯ ಕೆಲಸ ಇತ್ತು. ಹಾಳೆ ಹರಡಿಕೊಂಡು ಕೂತೆ. ಬಲಗಣ್ಣಿನಲ್ಲಿ ನೋಡಿದರೆ ನವಿಲಿನ ತಲೆ ಮಾಯ. ಎಡಗಣ್ಣಿನಲ್ಲಿ ನೋಡಿದರೆ ತಲೆ ಬರುತ್ತದೆ, ಎರಡೂ ತೆರೆದರೆ ತಲೆಯ ಮೇಲೆ ಮಸಿ ಬಳಿದ ಹಾಗೆ. ಕೈಯಿಂದ ಒಂದು ಕಣ್ಣು ಮುಚ್ಚುತ್ತಾ, ಇನ್ನೊಂದು ತೆರೆಯುತ್ತಾ ಕೂತಿದ್ದೆ. ಲಕ್ಷ್ಮತ್ತೆ ಬಂದು ಪಕ್ಕದಲ್ಲಿ ಕೂತದ್ದು ಗೊತ್ತಾಗಲಿಲ್ಲ.

"ನಾಗೂ, ಆ ಡಾಕ್ಟ್ರಮ್ಮ ಏನಂದ್ಲು? ಸರ್ಯಾಗಿ ಹೇಳು."

ಹೇಳಿದೆ. ಕಂಡದ್ದು ಧೂಮಕೇತುವಾದರೆ ಕಣ್ಣು ಉಳಿಯುತ್ತದೆ, ನೀರಿನ ಮೇಲಿನ ಬಿಸಿಲಾದರೆ ಹೇಳಲಾಗದು. ಅವಳು ನವಿಲಿನ ಹಾಳೆಯನ್ನು ನೋಡುತ್ತಾ ಕೂತಳು. ಆಚೆ ಪುಟ್ಟರಾಜುವಿನ ಮಗ್ಗ ನಿಂತಿತು, ಎಳೆ ಕಡಿದಿರಬೇಕು, ಮತ್ತೆ ಶುರುವಾಯಿತು.

"ಬಾಲ ಮೇಲಕ್ಕಿತ್ತು," ಎಂದಳು.

ನಾನು ಕಣ್ಣಿನ ಮೇಲಿದ್ದ ಕೈ ತೆಗೆದೆ.

"ಟ್ಯಾಂಕ್ ಮುಚ್ಚಳದ ಬಲಗಡೆ. ಅಕ್ಕಿಕಾಳಿನಷ್ಟು. ಅದರಿಂದ ಮೇಲಕ್ಕೆ ಒಂದ್ ಎಳೆ ರೇಷ್ಮೆ ಹಂಗೆ, ಒಂಚೂರು ಬಲಕ್ಕೆ ವಾಲಿ. ನೀರು ಸುರೀತಿದ್ದದ್ದು ಎಡಗಡೆ, ನನ್ ಸಂಡಿಗೆ ಕಡೆ. ಅದಕ್ಕೇ ತಲೆ ಎತ್ತಿದ್ದು ನಾನು. ನೀರಿಗೂ ಅದಕ್ಕೂ ಸಂಬಂಧವೇ ಇರ್ಲಿಲ್ಲ."

ಫೋನು ಮುಟ್ಟದವಳು, ಯಾವ ಚಿತ್ರವನ್ನೂ ನೋಡದವಳು ಹೇಳಿದ ಬಾಲ ನನ್ನ ನೆನಪಿನ ಬಾಲದ ಮೇಲೆ ಎಳೆಗೆ ಎಳೆ ಕೂತಿತು. ಅದು ಆಕಾಶದ್ದೇ. ಕಣ್ಣಿನದಲ್ಲ, ನೀರಿನದಲ್ಲ. "ಅವತ್ತೇ ಯಾಕೆ ಹೇಳ್ಲಿಲ್ಲ ಅತ್ತೆ?" ಎಂದೆ, ಅಳುತ್ತಾ, ನಗುತ್ತಾ.

"ಹೇಳ್ಬಾರ್ದು ಕಣ್ ಮಗಾ. ನಂಗೆ ಮದ್ವೆಯಾದ ಹೊಸತ್ರಲ್ಲಿ ಹಿಂಗೇ ಒಂದು ಬಂದಿತ್ತು. ಬೆಳಗಿನ ಜಾವ ನೀರು ಸೇದೋಕೆ ಹೋದಾಗ ನಾನೂ ಕಂಡೆ, ನಮ್ಮತ್ತೇನೂ ಕಂಡ್ರು. ನಾನು ಬಾಯ್ ಬಿಡ್ಲಿಲ್ಲ. ಅವ್ರು ಊರಿಗೆಲ್ಲ ಕಂಡೆ ಕಂಡೆ ಅಂತ ಸಾರಿದ್ರು. ಮುಂದಿನ ಯುಗಾದಿ ಚಂದ್ರನ್ನ ಅವ್ರು ನೋಡ್ಲಿಲ್ಲ. ಕಂಡೋರು ಬದುಕ್ತಾರೆ. ಕಂಡೆ ಅಂದೋರು ಬದುಕಲ್ಲ." ಸೆರಗು ಕೊಡವಿ ಎದ್ದಳು. "ಹೋಗ್ಲಿ ಬಿಡು. ನಾನ್ ಸಾಕಷ್ಟು ಚಂದ್ರನ್ನ ನೋಡಿದೀನಿ. ನಿನ್ ಕಣ್ಣು ಇನ್ನೂ ಸೀರೆ ಬರೀಬೇಕು."

ಆ ಎರಡೂ ಧೂಮಕೇತುಗಳು ಒಂದೇ ಮನೆತನದವು ಇದ್ದರೂ ಇರಬಹುದು, ಅವಕ್ಕೂ ಮನುಷ್ಯರ ಸಾವಿಗೂ ಸಂಬಂಧವಿಲ್ಲ ಎಂದು ನಾನು ವಿವರಿಸಲು ಹೊರಟೆ. "ಒಂದೇ ಮನೆತನವಾದ್ರೆ ಬುದ್ಧೀನೂ ಒಂದೇ ಇರುತ್ತೆ," ಎಂದು ಅಡುಗೆಮನೆಗೆ ಹೋದಳು.

ಡಾಕ್ಟರಿಗೆ ಹೇಳಿದೆ. ಅವರು ಸಾಕ್ಷಿಯ ವಯಸ್ಸು ಕೇಳಿ, "ಹಾಗಾದ್ರೆ ಕಾಯೋಣ," ಎಂದರು. ಕಾದೆವು. ಮಳೆಗಾಲ ಹಿಡಿಯುವ ಹೊತ್ತಿಗೆ ಹುರುಳಿಕಾಳು ಸಾಸಿವೆಯಾಗಿತ್ತು. ಹಾಳೆಯಲ್ಲಿ ಚೌಕಗಳು ಒಂದೊಂದಾಗಿ ಮರಳಿ ಬಂದವು. ಮೊದಲು ನವಿಲಿನ ಜುಟ್ಟು, ಆಮೇಲೆ ಕಣ್ಣು, ದೀಪಾವಳಿಯ ಹೊತ್ತಿಗೆ ಕೊಕ್ಕು. ಇನ್ನು ಬರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ ಪುಟ್ಟರಾಜು ಬೀದಿಯಲ್ಲಿ ನಿಂತು, "ಪ್ಲಸ್ಸಿಗೆ ಬಂದ ನಮ್ ಹುಡ್ಗ!" ಎಂದು ಕೂಗಿದ.

ನನ್ನ ಭಯ ಮಾತ್ರ ಕಣ್ಣಿನಿಂದ ಹೊರಟು ಅತ್ತೆಯ ಮೇಲೆ ಹೋಗಿ ಕೂತಿತು. ನನಗೆ ಅಂಥ ನಂಬಿಕೆಗಳಿಲ್ಲ. ಇಲ್ಲದಿದ್ದರೂ ಆಷಾಢದ ಗಾಳಿಗೆ ಅವಳಿಗೊಂದು ಸ್ವೆಟರ್ ತಂದೆ. ಕಾರ್ತೀಕದಲ್ಲಿ ಅವಳು ಎರಡು ಸಲ ಸೀನಿದ್ದಕ್ಕೆ ಆಟೋ ಕರೆದೆ. ಬಚ್ಚಲಿಗೆ ಜಾರದ ಚಾಪೆ ಹಾಸಿದೆ. "ಏನ್ರೀ, ಅತ್ತೆನ ಮೊಟ್ಟೆ ಥರ ನೋಡ್ಕೋತಿದ್ದೀರಾ?" ಎಂದಳು ವಿಮಲ. ಧೂಮಕೇತುವಿನ ದಾರಿಯನ್ನು ಚೌಕ ಹಾಳೆಯಲ್ಲಿ ಗುರುತಿಸಿದ ಮನುಷ್ಯ ಯುಗಾದಿ ಯಾವತ್ತು ಬರುತ್ತದೆಂದು ಕ್ಯಾಲೆಂಡರ್ ತಿರುವುತ್ತಿದ್ದ. ಅತ್ತೆಯೂ ಒಳಗೊಳಗೇ ಕಾಯುತ್ತಿದ್ದಳೆಂದು ಕಾಣುತ್ತದೆ. ಹಬ್ಬದ ಸೀರೆ ಬೇಡ, ಈ ಸಲ ಬೇಡ ಎಂದು ಹಟ ಹಿಡಿದಳು. ತಂದೆವು.

ಈ ಸಲದ ಯುಗಾದಿ ಬಂತು. ಮಾರನೆಯ ದಿನ ಸಂಜೆ ಚಂದ್ರನನ್ನು ನೋಡಲು ಎಲ್ಲರೂ ತಾರಸಿ ಹತ್ತಿದೆವು. ಅತ್ತೆಯನ್ನು ನಾನೂ ಪುಟ್ಟರಾಜುವೂ ಎರಡು ಕಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದೆವು. ಪಶ್ಚಿಮದಲ್ಲಿ ತೆಳು ಮೋಡ. ಬೀದಿಯ ಎಲ್ಲ ತಾರಸಿಗಳ ಮೇಲೂ ಜನ, ಎಲ್ಲರ ಕತ್ತೂ ಒಂದೇ ಕಡೆ. "ಬಂದ್ನಾ?" "ಇಲ್ಲ ಇಲ್ಲ." ನಾನು ಆಕಾಶ ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ, ಎರಡೂ ಕಣ್ಣಿಗೆ ಪೂರ್ತಿ ಕಾಣುತ್ತಿತ್ತು. ಆ ಮುಖ ಮೆಲ್ಲಗೆ ಅರಳಿತು.

"ಅಗೋ. ಎಳೆಯಷ್ಟವ್ನೆ," ಎಂದಳು. ಬೀದಿಗೆಲ್ಲ ಮೊದಲು ಕಂಡವಳು ಅವಳೇ. ಆಮೇಲೆ ತನ್ನಷ್ಟಕ್ಕೆ, "ನೋಡ್ದೆ ಕಣಪ್ಪಾ, ನೋಡೇಬಿಟ್ಟೆ," ಎಂದು ಕೈಮುಗಿದಳು. ನಾವು ಸರದಿಯಲ್ಲಿ ಅವಳ ಕಾಲಿಗೆ ಬಿದ್ದೆವು. ನಾನು ಎದ್ದದ್ದು ಸ್ವಲ್ಪ ತಡವಾಗಿ.

ಹೇಳಿಕೆ ಮುಗಿಸುತ್ತೇನೆ. ಆ ಸೋಮವಾರದ ಬೆಳಿಗ್ಗೆ ನಮ್ಮ ತಾರಸಿಯಿಂದ ಅದನ್ನು ಕಂಡವರು ನನ್ನನ್ನು ಬಿಟ್ಟರೆ ಒಬ್ಬರೇ. ಹೆಸರು ಲಕ್ಷ್ಮಮ್ಮ, ನಮ್ಮ ತಂದೆಯ ತಂಗಿ. ಕಂಡರು, ಕಂಡೆ ಎಂದೂ ಹೇಳಿದರು. ನಾನು ಇದನ್ನು ಬರೆಯುತ್ತಿರುವಾಗ ಅಡುಗೆಮನೆಯಲ್ಲಿ ಹಬ್ಬದ ಒಬ್ಬಟ್ಟಿನ ಸಾರಿಗೆ ಉಪ್ಪು ಸಾಲದೆಂದು ವಿಮಲಳ ಜೊತೆ ವಾದ ಮಾಡುತ್ತಿದ್ದಾರೆ. ಇದ್ದಾರೆ.